ಪುಣೆಯ ಖಾಲಿ ಫ್ಲ್ಯಾಟು ಮತ್ತು ಮಾಲೀಕರ ಲೆಕ್ಕ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ವಾಕಡ್‌ನ ಯಾವ ದೊಡ್ಡ ಹೌಸಿಂಗ್ ಸೊಸೈಟಿಯ ಗೇಟಿಗೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ವಾಚ್‌ಮನ್ ಕೋಣೆಯ ಗೋಡೆಗೆ ಒಂದು ಹಲಗೆ, ಹಲಗೆ ತುಂಬ ಮೊಳೆ, ಮೊಳೆಗೊಂದು ಕೀಲಿ. ಪ್ರತಿ ಕೀಲಿಗೂ ದಾರದಲ್ಲಿ ಕಟ್ಟಿದ ರಟ್ಟಿನ ಚೂರು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರು: ಬಿ-704, ಸಿ-1102. ಸ್ಕೂಟರಿನಲ್ಲಿ ಬಂದ ಏಜೆಂಟ್ ನಾಲ್ಕು ಕೀಲಿ ಒಟ್ಟಿಗೇ ಇಸಿದುಕೊಂಡು ರಿಜಿಸ್ಟರಿನಲ್ಲಿ ಸಹಿ ಗೀಚುತ್ತಾನೆ. ಅವನ ಹಿಂದೆ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು ಏರಿಸಿಕೊಂಡ ಇಬ್ಬರು ಹುಡುಗರು. ರಾತ್ರಿ ಬಸ್ಸಿನಲ್ಲಿ ವಿಜಯಪುರದಿಂದಲೋ ಕಲಬುರಗಿಯಿಂದಲೋ ಬಂದಿಳಿದವರು, ಸೋಮವಾರ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಬೇಕಾದವರು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಗಂಡ ಹೆಂಡತಿ. ಅವರ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ನೀರಿನದು.

ಅದೇ ಹೊತ್ತಿಗೆ ಬಿ-704ರ ಮಾಲೀಕರು ಧಾರವಾಡದ ಮನೆಯ ಪಡಸಾಲೆಯಲ್ಲಿ ಕೂತು ಏಜೆಂಟನಿಗೆ ಫೋನ್ ಹಚ್ಚಿರುತ್ತಾರೆ. ‘ಮೂವತ್ತಕ್ಕ ಒಂದ್ ರೂಪಾಯಿ ಕಮ್ಮಿ ಇಲ್ಲ ಅಂತ ಹೇಳ್ರಿ ಅವ್ರಿಗೆ.’ ಏಜೆಂಟ್ ಅಕ್ಕಲಕೋಟೆ ಕಡೆಯವನಾದರೆ ಉತ್ತರವೂ ಕನ್ನಡದಲ್ಲೇ ಬರುತ್ತದೆ: ‘ಸಾಹೇಬ್ರ, ಬಾಜೂದ 703 ಇಪ್ಪತ್ತೆಂಟಕ್ಕ ಹೋತ್ರಿ. ನಿಮ್ದು ಎರಡನೇ ತಿಂಗಳಾತು ನೋಡ್ರಿ.’

ಇಂಥ ಮಾಲೀಕರು ಪುಣೆಯಲ್ಲಿ ಕಡಿಮೆಯೇನಿಲ್ಲ. ಹಿಂಜವಡಿಯ ಐಟಿ ಪಾರ್ಕು ಬೆಳೆದ ವರ್ಷಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ ಕಡೆಯ ಎಂಜಿನಿಯರುಗಳು ಸಾಲ ಮಾಡಿ ವಾಕಡ್, ಪಿಂಪಳೆ ಸೌದಾಗರ್, ಬಾಣೇರ್‌ಗಳಲ್ಲಿ ಫ್ಲ್ಯಾಟು ಕೊಂಡರು. ಕಂತು ತೀರುವ ಮೊದಲೇ ಕೆಲಸ ಬೆಂಗಳೂರಿಗೋ ಡಲ್ಲಾಸಿಗೋ ಹೋಯಿತು. ಫ್ಲ್ಯಾಟು ಮಾತ್ರ ಇದ್ದಲ್ಲೇ ಇತ್ತು. ಹೀಗೆ ಬಯಸದೆಯೇ ಬಾಡಿಗೆ ಮನೆಯ ಮಾಲೀಕರಾದವರಿಗೆ ದರ ಕಟ್ಟುವುದನ್ನಾಗಲೀ ಜಾಹೀರಾತು ಬರೆಯುವುದನ್ನಾಗಲೀ ಯಾರೂ ಹೇಳಿಕೊಟ್ಟಿಲ್ಲ. ಅವರು ನೆಚ್ಚಿಕೊಳ್ಳುವುದು ಎರಡನ್ನು: ಬ್ಯಾಂಕಿನ ಕಂತು ಮತ್ತು ಹಿಂದಿನವರಿಂದ ಬಂದ ಹೆದರಿಕೆ. ಎರಡೂ ದಾರಿ ತಪ್ಪಿಸುವಂಥವೇ.

ಕಂತಿಗೂ ಬಾಡಿಗೆಗೂ ನಂಟಿಲ್ಲ

ಒಂದು ಲೆಕ್ಕ ಹಾಕಿ ನೋಡೋಣ. ಫ್ಲ್ಯಾಟಿನ ಇಂದಿನ ಬೆಲೆ 90 ಲಕ್ಷ ಎಂದಿಟ್ಟುಕೊಳ್ಳಿ. ಅದಕ್ಕೆ 70 ಲಕ್ಷ ಸಾಲ, ಬಡ್ಡಿ ಶೇ 8.5, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 60,700 ರೂಪಾಯಿ ಆಗುತ್ತದೆ. ಅದೇ ಫ್ಲ್ಯಾಟಿಗೆ ಬರುವ ಬಾಡಿಗೆ 28,000 ಎಂದರೆ ವರ್ಷಕ್ಕೆ 3.36 ಲಕ್ಷ, ಬೆಲೆಯ ಮೇಲೆ ಶೇ 3.7. ಸೊಸೈಟಿ ಮೇಂಟೆನೆನ್ಸ್, ಆಸ್ತಿ ತೆರಿಗೆ, ಸುಣ್ಣಬಣ್ಣ, ಬ್ರೋಕರೇಜು ಕಳೆದರೆ ಶೇ 3ರ ಆಸುಪಾಸಿನಲ್ಲಿ ಬಂದು ನಿಲ್ಲುತ್ತದೆ. ಭಾರತದ ದೊಡ್ಡ ನಗರಗಳಲ್ಲಿ ವಸತಿ ಮನೆಯ ಹಣೆಬರಹವೇ ಇಷ್ಟು. ಫ್ಲ್ಯಾಟು ಕೊಳ್ಳುವವರು ಲಾಭ ಕಾಣುವುದು, ಕಂಡರೆ, ಮಾರುವ ದಿನ.

ಆದರೂ ‘ಕಂತಿನ ಅರ್ಧವಾದರೂ ಬರಲೇಬೇಕಲ್ಲ’ ಎಂದು ಮೂವತ್ತು ಸಾವಿರಕ್ಕೆ ಪಟ್ಟು ಹಿಡಿಯುವವರೇ ಹೆಚ್ಚು. ನೋಡಲು ಬಂದ ಹುಡುಗನಿಗೆ ನಿಮ್ಮ ಕಂತು ಕಟ್ಟಿಕೊಂಡು ಏನಾಗಬೇಕು? ಅವನು ಅದೇ ಬೆಳಿಗ್ಗೆ ಇನ್ನೂ ಮೂರು ಕೀಲಿ ತಿರುಗಿಸಿ ಬಂದಿದ್ದಾನೆ. ನಿಮ್ಮ ಮನೆಯ ಬಾಡಿಗೆ ನಿರ್ಧಾರವಾಗುವುದು ಆ ಮೂರು ಮನೆಗಳಿಂದ. ಸಾಲವೇ ಇಲ್ಲದ ಮಾಲೀಕರಿಗೂ, ಪೂರ್ತಿ ಸಾಲದಲ್ಲಿರುವವರಿಗೂ ಸಿಗುವ ದರ ಒಂದೇ.

ಖಾಲಿ ತಿಂಗಳಿಗೆ ರಸೀದಿ ಇಲ್ಲ

ಇನ್ನು 30,000ಕ್ಕೇ ಕಾದು ಕೂತವರ ಲೆಕ್ಕ. 28,000ಕ್ಕೆ ಇಂದೇ ಒಬ್ಬರು ಬರಲು ಸಿದ್ಧರಿದ್ದಾರೆ. ನೀವು ಒಲ್ಲೆ ಎಂದಿರಿ. ಒಂದು ತಿಂಗಳು ಕಾದ ಮೇಲೆ 30,000 ಕೊಡುವವರೇ ಬಂದರು, ಗೆದ್ದಿರಿ ಎಂದೇ ಇಟ್ಟುಕೊಳ್ಳೋಣ. ತಿಂಗಳಿಗೆ 2,000 ಹೆಚ್ಚು. 11 ತಿಂಗಳ ಕರಾರಿನಲ್ಲಿ ಒಟ್ಟು 22,000. ಕಾದ ತಿಂಗಳಲ್ಲಿ ಕಳೆದುಕೊಂಡದ್ದು 28,000, ಜೊತೆಗೆ ಕೈಯಿಂದ ಕಟ್ಟಿದ ಮೇಂಟೆನೆನ್ಸು. ಅಂದರೆ ಇಡೀ ಕರಾರು ಮುಗಿದರೂ ಆ ಒಂದು ತಿಂಗಳ ನಷ್ಟ ತುಂಬಿಬರುವುದಿಲ್ಲ. ಎರಡು ತಿಂಗಳು ಕಾದವರ ಮಾತು ಬೇಡ.

ಇದು ಐದನೇ ತರಗತಿಯ ಗಣಿತ. ಆದರೂ ಎಂಜಿನಿಯರುಗಳೂ ಇದರಲ್ಲಿ ಎಡವುತ್ತಾರೆ. ಕಡಿಮೆ ಮಾಡಿದ ಎರಡು ಸಾವಿರ ಪ್ರತಿ ತಿಂಗಳೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕಣ್ಣಿಗೆ ಬೀಳುತ್ತದೆ; ಬಾರದ ಇಪ್ಪತ್ತೆಂಟು ಸಾವಿರ ಎಲ್ಲಿಯೂ ನಮೂದಾಗುವುದಿಲ್ಲ.

ಕಾಯುವುದಾದರೂ ಯಾವ ತಿಂಗಳಲ್ಲಿ ಎಂಬುದು ಮುಖ್ಯ. ಪುಣೆಯಲ್ಲಿ ಮನೆ ಬದಲಿಸುವ ಕಾಲ ಮೇ ತಿಂಗಳಿಂದ ಜುಲೈವರೆಗೆ. ಜೂನ್ ನಡುವೆ ಶಾಲೆಗಳು ತೆರೆಯುತ್ತವೆ, ಕಾಲೇಜಿನ ಪ್ರವೇಶ ನಡೆಯುತ್ತದೆ, ಹೊಸ ಎಂಜಿನಿಯರುಗಳು ಕೆಲಸಕ್ಕೆ ಸೇರುತ್ತಾರೆ. ಆಗ ತುಸು ಬಿಗಿ ಹಿಡಿದರೂ ನಡೆದೀತು. ಗಣೇಶನ ಗದ್ದಲ ಮುಗಿದು ಪಿತೃಪಕ್ಷ ಬಂತೋ, ಹದಿನೈದು ದಿನ ಮರಾಠಿ ಕುಟುಂಬಗಳು ಹೊಸ ಮನೆಗೆ ಕಾಲಿಡುವುದಿಲ್ಲ. ನಮ್ಮ ಕಡೆಯವರೂ ಇಡುವುದಿಲ್ಲ. ಭಾದ್ರಪದದಲ್ಲಿ ಖಾಲಿಯಾದ ಮನೆಗೆ ಘಟಸ್ಥಾಪನೆಯ ತನಕ ಕುಟುಂಬದವರ ಫೋನು ಬರುವುದೇ ವಿರಳ. ತಿಳಿದ ಮಾಲೀಕರು ಇದಕ್ಕಾಗಿಯೇ ಕರಾರಿನ ತಾರೀಖನ್ನು ಹೊಂದಿಸಿಕೊಳ್ಳುತ್ತಾರೆ: ಮೊದಲ ಸಲ ಒಂಬತ್ತು ತಿಂಗಳಿಗೋ ಹದಿನಾಲ್ಕು ತಿಂಗಳಿಗೋ ಬರೆಸಿ, ಮುಗಿಯುವ ದಿನ ಮೇ ಕೊನೆಗೆ ಬರುವಂತೆ ಮಾಡುತ್ತಾರೆ.

ನಿಜವಾದ ದರ ಎಲ್ಲಿ ಸಿಗುತ್ತದೆ

ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್, 99 ಏಕರ್ಸ್, ಹೌಸಿಂಗ್ ಡಾಟ್ ಕಾಮ್: ಇವುಗಳಲ್ಲಿ ಕಾಣುವುದು ಮಾಲೀಕರು ಕೇಳುವ ದರ. ಕೊನೆಗೆ ಕುದುರಿದ ದರ ಅಲ್ಲಿ ಇರುವುದಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಸರಿಯಾದ ದರ ಹಾಕಿದ ಮನೆ ವಾರದಲ್ಲಿ ಹೋಗಿ ಪುಟದಿಂದ ಮರೆಯಾಗುತ್ತದೆ. ದುಬಾರಿ ಹೇಳಿದ್ದು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಆದ್ದರಿಂದ ಯಾವುದೇ ದಿನ ಪುಟ ತೆರೆದು ಸರಾಸರಿ ತೆಗೆದರೆ, ಅದು ಹೋಗದೆ ಉಳಿದ ಮನೆಗಳ ಸರಾಸರಿ. ಅದನ್ನು ನೋಡಿ ದರ ಕಟ್ಟಿದರೆ ಆ ಸಾಲಿಗೆ ನಿಮ್ಮದೂ ಒಂದು ಸೇರ್ಪಡೆ.

ಕುದುರಿದ ದರ ತಿಳಿಯಲು ಹಳೆಯ ದಾರಿಗಳೇ ವಾಸಿ. ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಳೆದ ಮೂರು ತಿಂಗಳಲ್ಲಿ ಯಾವ ಫ್ಲ್ಯಾಟು ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ ಇಬ್ಬರಾದರೂ ಹೇಳುತ್ತಾರೆ. ವಾಚ್‌ಮನ್‌ಗೆ ಎಲ್ಲವೂ ಗೊತ್ತಿರುತ್ತದೆ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರೂ ನೋಂದಣಿಯಾಗುವುದರಿಂದ, ನೋಂದಣಿ ಇಲಾಖೆಯ ಜಾಲತಾಣದಲ್ಲಿ ‘ಇಂಡೆಕ್ಸ್ ಟೂ’ ಎಂಬ ಸಾರಾಂಶ ಪತ್ರವನ್ನು ಹುಡುಕಿ ತೆಗೆಯುವ ಸೌಲಭ್ಯವೂ ಇದೆ. ಅದರಲ್ಲಿ ಬಾಡಿಗೆ, ಡಿಪಾಜಿಟ್ಟು ಎರಡೂ ನಮೂದಾಗಿರುತ್ತವೆ. ಬೆಂಗಳೂರಿನ ಮಾಲೀಕರಿಗೆ ಈ ಅನುಕೂಲ ಇಲ್ಲ ಎಂದೇ ಹೇಳಬೇಕು, ಅಲ್ಲಿ ಬಹುಪಾಲು ಕರಾರುಗಳು ಛಾಪಾ ಕಾಗದದ ಮೇಲೆಯೇ ಮುಗಿದುಹೋಗುತ್ತವೆ.

ದರದಲ್ಲಿ ಏರುಪೇರು ತರುವ ಸಂಗತಿಗಳು ಬಡಾವಣೆಯಿಂದ ಬಡಾವಣೆಗೆ ಬೇರೆ. ಖರಾಡಿಯಲ್ಲಿ ಇಯಾನ್ ಐಟಿ ಪಾರ್ಕಿಗೆ ನಡೆದು ಹೋಗುವಷ್ಟು ದೂರವೋ ಅಲ್ಲವೋ ಎಂಬುದು. ವಿಮಾನ ನಗರದಲ್ಲಿ ಸಿಂಬಯೋಸಿಸ್‌ನ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುತ್ತೀರೋ ಇಲ್ಲವೋ ಎಂಬುದು. ಕೋಥರೂಡಿನಲ್ಲಿ ಲಿಫ್ಟು ಇದೆಯೇ ಎಂಬುದು, ಏಕೆಂದರೆ ಅಲ್ಲಿ ಹಳೆಯ ಮೂರು ಮಹಡಿಯ ಕಟ್ಟಡಗಳೇ ಹೆಚ್ಚು. ಎಲ್ಲೆಡೆಗೂ ಸಲ್ಲುವ ಪ್ರಶ್ನೆ ನೀರು. 2017ರಲ್ಲಿ 11 ಹಳ್ಳಿ, 2021ರಲ್ಲಿ ಇನ್ನೂ 23 ಹಳ್ಳಿ ಪುಣೆ ಪಾಲಿಕೆಗೆ ಸೇರಿದವು. ಹೆಸರು ಪಾಲಿಕೆಯದಾಯಿತು, ನಲ್ಲಿ ನೀರು ಮಾತ್ರ ಎಲ್ಲ ಕಡೆಗೂ ಅಷ್ಟೇ ವೇಗದಲ್ಲಿ ತಲುಪಲಿಲ್ಲ. ಊರಂಚಿನ ಸೊಸೈಟಿಗಳು ಬೇಸಿಗೆಯಲ್ಲಿ ಟ್ಯಾಂಕರ್ ನಂಬಿಕೊಂಡಿವೆ. ಟ್ಯಾಂಕರಿನ ಖರ್ಚು ಮೇಂಟೆನೆನ್ಸಿನಲ್ಲಿ ಸೇರುವುದರಿಂದ ಅದು ನಿಮ್ಮ ನಿವ್ವಳ ಬಾಡಿಗೆಯನ್ನೇ ತಿನ್ನುತ್ತದೆ.

ಇನ್ನು ಮೆಟ್ರೊ. 2022ರ ಮಾರ್ಚ್ 6ರಂದು ವನಾಜ್‌ನಿಂದ ಗರವಾರೆ ಕಾಲೇಜಿಗೆ ರೈಲು ಓಡತೊಡಗಿದ ಮೇಲೆ ಕೋಥರೂಡ್ ಕಡೆಯ ಜಾಹೀರಾತುಗಳಲ್ಲಿ ಸ್ಟೇಷನ್ನಿನ ಹೆಸರು ಬರತೊಡಗಿದ್ದು ನ್ಯಾಯವೇ. ಹಿಂಜವಡಿಯಿಂದ ಶಿವಾಜಿನಗರಕ್ಕೆ 23 ಕಿಲೊಮೀಟರಿನ ಮಾರ್ಗದ ಹೆಸರು ಹೇಳಿ ಬಾಣೇರ್, ಬಾಲೇವಾಡಿಗಳಲ್ಲಿ ದರ ಏರಿಸಿದವರು ಮಾತ್ರ ಕಂಬ ಏಳುವಾಗಲೇ ಶುರುಮಾಡಿದ್ದರು. ಕಂಬ, ಗರ್ಡರು, ರಸ್ತೆ ಅಗೆತ, ಧೂಳು, ಟ್ರಾಫಿಕ್ ಇವಕ್ಕೆ ಬಾಡಿಗೆದಾರ ಹೆಚ್ಚು ಕೊಡುವುದಿಲ್ಲ. ಕಡಿಮೆ ಕೊಡುತ್ತಾನೆ.

ದರ ಸರಿಯೇ ಎಂದು ಪರೀಕ್ಷಿಸಲು ಫೋನೇ ಸಾಕು. ಜಾಹೀರಾತು ಹಾಕಿದ ಗಂಟೆಯೊಳಗೆ ಹತ್ತಾರು ಕರೆ ಬಂದು, ಮನೆ ನೋಡದೆಯೇ ಟೋಕನ್ ಹಾಕುತ್ತೇನೆ ಎಂದರೆ ಕಡಿಮೆ ಹೇಳಿದ್ದೀರಿ. ಎರಡು ಭಾನುವಾರ ಕಳೆದರೂ ಯಾರೂ ಬಂದು ನೋಡದಿದ್ದರೆ ಹೆಚ್ಚು ಹೇಳಿದ್ದೀರಿ. ಬಂದು ನೋಡುತ್ತಾರೆ, ಆದರೆ ಮತ್ತೆ ಫೋನ್ ಮಾಡುವುದಿಲ್ಲ ಎಂದರೆ ದರ ಸರಿಯಿದ್ದು ಮನೆಯಲ್ಲಿ ಏನೋ ಇದೆ: ಬಚ್ಚಲಿನ ಸೋರಿಕೆ, ಹಾಲಿನ ಗೋಡೆಯ ಮೇಲೆ ಹಿಂದಿನ ಮಗುವಿನ ಚಿತ್ರಕಲೆ, ಸಿಂಕಿನ ಕೆಳಗಿನ ವಾಸನೆ. ಇಳಿಸುವುದಿದ್ದರೆ ಒಮ್ಮೆಗೇ ಇಳಿಸುವುದು ಒಳ್ಳೆಯದು. ವಾರಕ್ಕೆ ಐನೂರರಂತೆ ಜಾರಿಸುತ್ತ ಹೋದರೆ ನೋಡುವವರು ಇನ್ನೊಂದು ವಾರ ಕಾಯುತ್ತಾರೆ. ಜಾಲತಾಣದಲ್ಲಿ ಜನ ‘30,000ದೊಳಗೆ’ ಎಂದು ಮಿತಿ ಹಾಕಿ ಹುಡುಕುತ್ತಾರೆ ಎಂಬುದೂ ನೆನಪಿರಲಿ. 30,500 ಎಂದು ಬರೆದವರ ಮನೆ ಅವರ ಕಣ್ಣಿಗೇ ಬೀಳುವುದಿಲ್ಲ.

ಹೆದರಿಕೆ ಬಂದದ್ದು ವಾಡೆಗಳಿಂದ

ಪುಣೆಯ ಮಾಲೀಕರು ‘ಫ್ಯಾಮಿಲಿ ಓನ್ಲಿ’ ಎಂದೇಕೆ ಬರೆಯುತ್ತಾರೆ, ಒಂದು ತಿಂಗಳು ಖಾಲಿ ಬಿಟ್ಟರೂ ಸರಿ, ಗೊತ್ತಿಲ್ಲದವರಿಗೆ ಬೇಡ ಎಂದೇಕೆ ಅನ್ನುತ್ತಾರೆ ಎಂದು ತಿಳಿಯಲು ಸದಾಶಿವ ಪೇಠ್, ನಾರಾಯಣ ಪೇಠ್‌ಗಳ ಓಣಿಗೆ ಹೋಗಬೇಕು. ಅಲ್ಲಿ ಇನ್ನೂ ನಿಂತಿರುವ ಕೆಲವು ಹಳೆಯ ವಾಡೆಗಳಲ್ಲಿ, ನಡು ಅಂಗಳದ ಸುತ್ತ ಒಂದೊಂದು ಕೋಣೆಯಲ್ಲಿ ಒಂದೊಂದು ಬಾಡಿಗೆ ಸಂಸಾರ, ತಲೆಮಾರುಗಳಿಂದ. ಕೊಡುವ ಬಾಡಿಗೆಯಲ್ಲಿ ಒಂದು ಹೆಂಚೂ ಬದಲಿಸಲಾಗದು.

ಇದು 1947ರ ಮುಂಬೈ ಬಾಡಿಗೆ ನಿಯಂತ್ರಣ ಕಾಯ್ದೆಯ ಫಲ. ಯುದ್ಧ ತಂದ ಅಭಾವದಲ್ಲಿ ಬಡ ಬಾಡಿಗೆದಾರರನ್ನು ಕಾಪಾಡಲು ಬಂದ ಕಾನೂನು, ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ದಶಕಗಳು ಉರುಳಿದರೂ ಗಂಟು ಸಡಿಲಾಗಲಿಲ್ಲ. ಮಾಲೀಕರು ರಿಪೇರಿ ಬಿಟ್ಟರು, ಬಾಡಿಗೆದಾರರು ಮನೆ ಬಿಡಲಿಲ್ಲ, ಮಳೆಗಾಲಕ್ಕೆ ಮುಂಚೆ ಪಾಲಿಕೆ ಅಪಾಯದ ವಾಡೆಗಳಿಗೆ ನೋಟಿಸು ಅಂಟಿಸುವುದು ವಾರ್ಷಿಕ ವಿಧಿಯಾಯಿತು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದಾಗ ನದಿ ದಂಡೆಯ ವಾಡೆಗಳು ಕೊಚ್ಚಿಹೋದವು. ಆಮೇಲೆ ಊರು ಹೊರಗೆ ಹರಡುತ್ತ ಸೊಸೈಟಿಗಳ, ಫ್ಲ್ಯಾಟುಗಳ ಪುಣೆಯಾಗುತ್ತ ಬಂತು. ಕಾಯ್ದೆ ಮಾತ್ರ ಹಾಗೆಯೇ ಇತ್ತು.

ಅದರ ಕೈಯಿಂದ ತಪ್ಪಿಸಿಕೊಳ್ಳಲು ಮಾಲೀಕರು ಹುಡುಕಿದ ಹಾದಿಯೇ ‘ಲೀವ್ ಅಂಡ್ ಲೈಸೆನ್ಸ್’: ಇವರು ಬಾಡಿಗೆದಾರರಲ್ಲ, ಮನೆಯನ್ನು ಸ್ವಲ್ಪ ಕಾಲ ಬಳಸಲು ನನ್ನ ಅನುಮತಿ ಪಡೆದವರಷ್ಟೇ ಎಂಬ ಬರಹ. ಹಾದಿ ಸಿಕ್ಕಿತು ಎನ್ನುವಷ್ಟರಲ್ಲಿ ಸರ್ಕಾರ ಕಾಯ್ದೆ ತಿದ್ದಿತು. 1973ರ ಫೆಬ್ರುವರಿ 1ರಂದು ಇಂಥ ಅನುಮತಿಯ ಮೇಲೆ ಮನೆಯಲ್ಲಿದ್ದವರೆಲ್ಲ ರಾತ್ರೋರಾತ್ರಿ ರಕ್ಷಿತ ಬಾಡಿಗೆದಾರರಾಗಿಬಿಟ್ಟರು. ಆ ತಲೆಮಾರಿನ ಮಾಲೀಕರು ಈ ಏಟನ್ನು ಮರೆಯಲಿಲ್ಲ. ಬಾಡಿಗೆಗೆ ಕೊಡುವ ಬದಲು ಬೀಗ ಹಾಕಿ ಇಟ್ಟವರು ಎಷ್ಟೋ ಮಂದಿ.

1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೆಸರಿನಲ್ಲೇ ನಮ್ಮ ಉಡುಪಿಯ ಕಡಲತೀರ ಇರುವ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ, 1940ರ ಮಟ್ಟಕ್ಕೆ ಬಾಡಿಗೆಯನ್ನು ಹೆಪ್ಪುಗಟ್ಟಿಸಿ ಇಡುವುದು ಇನ್ನು ಮುಂದೆ ನ್ಯಾಯಸಮ್ಮತವಲ್ಲ ಎಂದಿತು. ಹೊಸ ಕಾನೂನು ಬಂದದ್ದು ಅದರ ಬೆನ್ನಿಗೆ: ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999. ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಹಳೆಯ ಬಾಡಿಗೆದಾರರಿಗೆ ರಕ್ಷಣೆ ಉಳಿಯಿತು, ವರ್ಷಕ್ಕೆ ಶೇ 4ರಷ್ಟು ಏರಿಕೆಗೆ ಅವಕಾಶ ಸಿಕ್ಕಿತು. ಲೈಸೆನ್ಸ್ ಕರಾರಿನವರ ವಿಷಯದಲ್ಲಿ ಮಾತ್ರ ಕಾಯ್ದೆ ಮಾಲೀಕರ ಕಡೆಗೆ ವಾಲಿತು. ಅವಧಿ ಮುಗಿದ ಮೇಲೂ ಬಿಡದವರ ಮೇಲೆ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಬಿಡುವವರೆಗಿನ ದಿನಗಳಿಗೆ ದುಪ್ಪಟ್ಟು ಬಾಡಿಗೆ ಕೇಳಬಹುದು.

ಅಂದರೆ ‘ಕೂತವರು ಏಳುವುದಿಲ್ಲ’ ಎಂಬ ಹೆದರಿಕೆಗೆ ಕಾನೂನಿನ ಆಧಾರ ಹೋಗಿ ಕಾಲು ಶತಮಾನ ಆಯಿತು. ಜಾಹೀರಾತುಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಹನ್ನೊಂದೇ ತಿಂಗಳು, ಆದರೂ ನೋಂದಣಿ

ಕರ್ನಾಟಕದಿಂದ ಹೋದ ಮಾಲೀಕರು ಮುಗ್ಗರಿಸುವ ಜಾಗ ಇದು. ನಮ್ಮಲ್ಲಿ ಹನ್ನೊಂದು ತಿಂಗಳಿಗೆ ಬರೆಸುವುದೇ ನೋಂದಣಿ ತಪ್ಪಿಸಲು. ಮಹಾರಾಷ್ಟ್ರದಲ್ಲಿ ಆ ಜಾಣತನ ನಡೆಯದು. 1999ರ ಕಾಯ್ದೆಯ 55ನೇ ಕಲಮಿನ ಪ್ರಕಾರ ಅವಧಿ ಎಷ್ಟೇ ಇರಲಿ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು, ಮತ್ತು ಆ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದಕ್ಕಿಂತ ಚುರುಕಾದ ಶಿಕ್ಷೆ ಇನ್ನೊಂದಿದೆ: ನೋಂದಣಿಯಿಲ್ಲದೆ ತಕರಾರು ಎದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜ ಎಂದು ಹಿಡಿಯಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡುವುದು ನಿಮ್ಮ ಪಾಲಿಗೆ.

ಖರ್ಚು ಹೆದರುವಷ್ಟಿಲ್ಲ. ಮುದ್ರಾಂಕ ಶುಲ್ಕ ಶೇ 0.25. ಇಡೀ ಅವಧಿಯ ಬಾಡಿಗೆಯ ಜೊತೆಗೆ, ಮರಳಿಸುವ ಡಿಪಾಜಿಟ್ಟಿನ ಮೇಲೆ ವರ್ಷಕ್ಕೆ ಶೇ 10ರಂತೆ ಲೆಕ್ಕಕ್ಕೆ ಹಿಡಿಯುವ ಬಡ್ಡಿ ಸೇರಿಸಿ ಕಟ್ಟಬೇಕು. 28,000 ಬಾಡಿಗೆ, 80,000 ಡಿಪಾಜಿಟ್ಟು, 11 ತಿಂಗಳು ಎಂದರೆ ಸುಮಾರು 800 ರೂಪಾಯಿ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಏಜೆಂಟ್ ಹೆಬ್ಬೆರಳು ಒತ್ತುವ ಪುಟ್ಟ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಅವನ ಕೂಲಿ ಬೇರೆ. ಆಧಾರ್ ಜೊತೆ ಬೆರಳಚ್ಚು ಹೊಂದಬೇಕು. ವಯಸ್ಸಾದ ಮಾಲೀಕರ ಬೆರಳಿನ ಗೆರೆ ಸವೆದಿದ್ದರೆ ಯಂತ್ರ ‘ಒಲ್ಲೆ’ ಎನ್ನುತ್ತದೆ. ಆಗ ಒದ್ದೆ ಬಟ್ಟೆಯಲ್ಲಿ ಒರೆಸು, ಅಂಗಿಗೆ ಉಜ್ಜು, ಎಡಗೈಯ ತೋರುಬೆರಳು ಇಡಿ ಕಾಕಾ ಎಂಬ ಅರ್ಧ ಗಂಟೆಯ ಕಸರತ್ತು.

ಡಿಪಾಜಿಟ್ಟಿನ ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ತಲೆಯಲ್ಲಿಟ್ಟುಕೊಂಡು ಪುಣೆಯಲ್ಲಿ ಎರಡೂವರೆ ಲಕ್ಷ ಕೇಳಿದರೆ ಎದುರಿನವರು ನಕ್ಕು ಮುಂದಿನ ಫ್ಲ್ಯಾಟಿಗೆ ಹೋಗುತ್ತಾರೆ. ಇಲ್ಲಿ ಕುಟುಂಬಗಳಿಗೆ ಎರಡು, ಮೂರು ತಿಂಗಳ ಬಾಡಿಗೆಯೇ ವಾಡಿಕೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯೂ ವಸತಿ ಮನೆಗೆ ಎರಡು ತಿಂಗಳ ಮಿತಿಯನ್ನೇ ಹೇಳುತ್ತದೆ. ಅದನ್ನು ಜಾರಿಗೆ ತರುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು.

ಬೋರ್ಡಿನ ಊರಿನಲ್ಲಿ ಜಾಹೀರಾತು

ಪುಣೆ ಬೋರ್ಡುಗಳಿಗೆ ಹೆಸರಾದ ಊರು. ‘ಪುಣೇರಿ ಪಾಟ್ಯಾ’ ಎಂದರೆ ಇಡೀ ಮಹಾರಾಷ್ಟ್ರ ನಗುತ್ತದೆ: ಗೇಟಿನ ಮುಂದೆ ಗಾಡಿ ನಿಲ್ಲಿಸುವವರಿಗೆ, ಬೆಲ್ಲು ಎರಡು ಸಲ ಒತ್ತುವವರಿಗೆ, ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಬರುವವರಿಗೆ ಮನೆಯವರು ಬರೆದು ತೂಗುಹಾಕಿದ ಕಟಕಿಯ ಫಲಕಗಳು. ಬಾಡಿಗೆ ಜಾಹೀರಾತಿಗೂ ಆ ದನಿ ಅಂಟಿಕೊಂಡಿದೆ. ಮನೆ ಹೇಗಿದೆ ಎಂದು ಒಂದು ಸಾಲು. ಯಾರು ಬರಕೂಡದು ಎಂದು ಐದು ಸಾಲು. ಬ್ಯಾಚುಲರ್ ಬೇಡ, ನಾನ್‌ವೆಜ್ ಬೇಡ, ನಾಯಿ ಬೇಡ, ರಾತ್ರಿ ಪಾಳಿಯವರು ಬೇಡ, ಏಜೆಂಟರು ಫೋನ್ ಮಾಡಲೇಬೇಡಿ.

ಹಳೆಯ ಪೇಠ್‌ಗಳ ವಿದ್ಯುತ್ ಕಂಬಗಳ ಮೇಲೆ ಇನ್ನೊಂದು ಬಗೆಯ ಜಾಹೀರಾತು ಇದೆ: ‘ಕಾಟ್ ಬೇಸಿಸ್’. ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಓದಲು ಬಂದ ಹುಡುಗರಿಗೆ ಕೋಣೆಯನ್ನೂ ಅಲ್ಲ, ಮಂಚವೊಂದನ್ನೇ ಬಾಡಿಗೆಗೆ ಕೊಡುವ ಪದ್ಧತಿ. ಒಂದೇ ಊರಿನಲ್ಲಿ ದರ ಕಟ್ಟುವುದು ಮಂಚಕ್ಕೂ ಆದೀತು, ಕೋಣೆಗೂ ಆದೀತು, ಫ್ಲ್ಯಾಟಿಗೂ ಆದೀತು ಎಂಬುದನ್ನು ಮಾಲೀಕರು ಗಮನಿಸಬೇಕು. ಮೂರು ಕೋಣೆಯ ಫ್ಲ್ಯಾಟನ್ನು ಮೂವರು ನೌಕರಿಯ ಹೆಣ್ಣುಮಕ್ಕಳು ಹಂಚಿಕೊಂಡರೆ ಒಬ್ಬ ಸಂಬಳದ ಕುಟುಂಬಕ್ಕಿಂತ ಹೆಚ್ಚು ಕೊಡುವುದು ಅವರಿಗೆ ಭಾರವಾಗುವುದಿಲ್ಲ. ಸವೆತ ಸ್ವಲ್ಪ ಹೆಚ್ಚು, ಆಳು ಬದಲಾಗುವುದು ಹೆಚ್ಚು; ಅದಕ್ಕೆ ತಕ್ಕಂತೆ ಡಿಪಾಜಿಟ್ಟು ಕೇಳಬಹುದು. ಅದು ಬಿಟ್ಟು ಬಾಗಿಲೇ ಹಾಕಿದರೆ, ಹಿಂಜವಡಿಯ ಸುತ್ತ ಮನೆ ಹುಡುಕುವವರಲ್ಲಿ ದೊಡ್ಡ ಪಾಲನ್ನು ನೀವೇ ಕಳಿಸಿಕೊಟ್ಟಂತೆ. ‘ವೆಜ್ ಓನ್ಲಿ’ ಎಂಬ ಎರಡು ಪದದ ಹಿಂದೆ ಜಾತಿ, ಧರ್ಮ ಕೇಳುವ ಹುನ್ನಾರ ಎಷ್ಟೋ ಸಲ ಇರುತ್ತದೆ ಎಂಬುದು ಬರೆದವರಿಗೂ ಗೊತ್ತು, ಓದಿದವರಿಗೂ ಗೊತ್ತು. ಪಾಸ್‌ಬುಕ್ಕಿನಲ್ಲಿ ಅದಕ್ಕೆ ತೆರುವ ಬೆಲೆ ಮಾತ್ರ ಖಾಲಿ ತಿಂಗಳು.

‘ಸೊಸೈಟಿಯವರೇ ಬ್ಯಾಚುಲರ್ ಬೇಡ ಅಂತಾರೆ’ ಎಂಬ ನೆಪವೂ ಪೂರ್ತಿ ಗಟ್ಟಿಯಲ್ಲ. ಸಹಕಾರಿ ಸೊಸೈಟಿಗಳ 2014ರ ಮಾದರಿ ಉಪವಿಧಿಗಳ ಪ್ರಕಾರ ಬಾಡಿಗೆಗೆ ಕೊಡಲು ಸೊಸೈಟಿಯ ಮುನ್ನೊಪ್ಪಿಗೆ ಬೇಕಿಲ್ಲ. ಎಂಟು ದಿನ ಮೊದಲು ತಿಳಿಸಿ, ಕರಾರಿನ ಪ್ರತಿ ಮತ್ತು ಪೊಲೀಸರಿಗೆ ಮಾಹಿತಿ ಕೊಟ್ಟ ದಾಖಲೆ ಒಪ್ಪಿಸಬೇಕು. ಮಾಲೀಕರೇ ವಾಸವಿಲ್ಲ ಎಂಬ ಕಾರಣಕ್ಕೆ ಹೇರುವ ಹೆಚ್ಚುವರಿ ಶುಲ್ಕವೂ, 2001ರ ಆಗಸ್ಟ್ 1ರ ಸರ್ಕಾರಿ ಆದೇಶದಂತೆ, ಸೇವಾ ಶುಲ್ಕದ ಶೇ 10ನ್ನು ಮೀರುವಂತಿಲ್ಲ.

ಹಾಗಾದರೆ ಏನು ಬರೆಯಬೇಕು? ನೋಡಲು ಬಂದವರು ಮೊದಲ ಹತ್ತು ನಿಮಿಷದಲ್ಲಿ ಏನೇನು ಕೇಳುತ್ತಾರೋ ಅದನ್ನೇ. ಉದಾಹರಣೆಗೆ:

‘ವಾಕಡ್, ಭೂಮ್ಕರ್ ಚೌಕದಿಂದ ಹತ್ತು ನಿಮಿಷದ ನಡಿಗೆ. 2 ಬಿಎಚ್‌ಕೆ, 7ನೇ ಮಹಡಿ, ಹಾಲ್ ಪೂರ್ವಕ್ಕೆ. ಎರಡು ವಾರ್ಡ್‌ರೋಬ್, ಕಿಚನ್ ಟ್ರಾಲಿ, ಚಿಮ್ನಿ, ಗೀಸರ್, ಫ್ಯಾನು, ಟ್ಯೂಬ್‌ಲೈಟ್; ಮಂಚ, ಸೋಫಾ, ಫ್ರಿಜ್ ಇಲ್ಲ. ಡ್ರೈ ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್‌ಗೆ ಜಾಗ. ಎಂಎನ್‌ಜಿಎಲ್ ಪೈಪ್ ಗ್ಯಾಸ್. ನೀರು ಬೆಳಿಗ್ಗೆ, ಸಂಜೆ; ಏಪ್ರಿಲ್–ಮೇ ಟ್ಯಾಂಕರ್. ಕರೆಂಟ್ ಹೋದರೆ ಲಿಫ್ಟಿಗೆ ಮಾತ್ರ ಬ್ಯಾಕಪ್. ಕಾರು ಒಂದು, ಬೈಕು ಒಂದು. ಬಾಡಿಗೆ 28,000, ಮೇಂಟೆನೆನ್ಸ್ ಸೇರಿ. ಡಿಪಾಜಿಟ್ 80,000. ಕರಾರು 11 ತಿಂಗಳು, ನೋಂದಣಿ ಖರ್ಚು ಅರ್ಧರ್ಧ. 15ನೇ ತಾರೀಖಿನಿಂದ ಖಾಲಿ. ನೋಡಲು ಭಾನುವಾರ 10ರಿಂದ 1.’

ಇದರಲ್ಲಿ ‘ಐಷಾರಾಮಿ’, ‘ಪ್ರಶಾಂತ’, ‘ಪ್ರೈಮ್ ಲೊಕೇಷನ್’ ಇಲ್ಲ. ಟ್ಯಾಂಕರಿನ ಸತ್ಯ ಇದೆ. ಅದನ್ನು ಓದಿ ನಾಲ್ಕು ಜನ ಹಿಂದೆ ಸರಿಯಬಹುದು; ಅವರು ಹೇಗೂ ಗೇಟಿನಲ್ಲಿ ವಾಚ್‌ಮನ್‌ನ ಬಾಯಿಂದ ಕೇಳಿ ಹಿಂದೆ ಸರಿಯುವವರೇ. ನಿಮ್ಮ ಭಾನುವಾರ ಉಳಿಯಿತು. ಧಾರವಾಡ, ಬೆಳಗಾವಿಯಿಂದ ಪ್ರತಿ ಸಲ ಪುಣೆಗೆ ಓಡಾಡುವ ಮಾಲೀಕರಿಗೆ ಇದು ಸಣ್ಣ ಉಳಿತಾಯವಲ್ಲ, 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಓಡುತ್ತಿದ್ದರೂ ಟಿಕೆಟ್ಟಿಗೆ ದುಡ್ಡು ಕೊಡಬೇಕಷ್ಟೆ.

‘ಸೆಮಿ ಫರ್ನಿಷ್ಡ್’ ಎಂದಷ್ಟೇ ಬರೆದರೆ ಒಬ್ಬರಿಗೆ ಅದು ಫ್ಯಾನು, ಗೀಸರು. ಇನ್ನೊಬ್ಬರಿಗೆ ಸೋಫಾ, ಮಂಚ. ಇರುವುದರ ಜೊತೆಗೆ ಇಲ್ಲದ್ದನ್ನೂ ಹೇಳಿದರೆ ಗೊಂದಲ ಇಲ್ಲ. ಫೋಟೊಗಳಿಗೆ ಮನೆ ತೊಳೆಸಿದ ಮೇಲೆ, ಹಗಲಿನಲ್ಲಿ, ಪರದೆ ಸರಿಸಿ, ಕೋಣೆಯ ಮೂಲೆಯಿಂದ ತೆಗೆದವು ಸಾಕು. ಬಚ್ಚಲಿನದೂ ಒಂದಿರಲಿ. ಜಾಹೀರಾತಿನಲ್ಲಿ ಬಚ್ಚಲಿನ ಚಿತ್ರವಿಲ್ಲದ ಮನೆಯ ಬಚ್ಚಲು ಹೇಗಿರುತ್ತದೆಂದು ಬಾಡಿಗೆದಾರರು ಬಲ್ಲರು.

ಫೋನು ಬಂದ ಮೇಲೆ

ಸ್ವಂತವಾಗಿ ಜಾಹೀರಾತು ಹಾಕಿದರೆ ಬ್ರೋಕರೇಜು ಉಳಿಯುತ್ತದೆ. ಸಾಮಾನ್ಯವಾಗಿ ಅದು ಒಂದು ತಿಂಗಳ ಬಾಡಿಗೆಯಷ್ಟು. ಬದಲಿಗೆ ಫೋನು ನೀವೇ ಎತ್ತಬೇಕು. ಅದರಲ್ಲಿ ಒಂದು ಕರೆ ಬಹುತೇಕ ಖಚಿತ: ‘ನಾನು ಸೇನೆಯಲ್ಲಿದ್ದೇನೆ, ಪುಣೆಗೆ ಪೋಸ್ಟಿಂಗ್ ಆಗಿದೆ, ಮನೆ ನೋಡುವುದೇನೂ ಬೇಡ, ಡಿಪಾಜಿಟ್ ಈಗಲೇ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ.’ ಪುಣೆಯಲ್ಲಿ ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇರುವುದರಿಂದ ಮಾತು ನಂಬುವಂತೆಯೇ ಇರುತ್ತದೆ. ಹಣ ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಅವೆರಡೂ ಹಣ ಕಳಿಸುವವರ ಕೆಲಸ.

ನಿಜವಾದ ಬಾಡಿಗೆದಾರ ಕೀಲಿ ಪಡೆಯುವ ಹೊತ್ತಿಗೆ ಪೊಲೀಸರಿಗೆ ಅವರ ವಿವರ ಕೊಡಬೇಕು, ಅದೂ ಆನ್‌ಲೈನಿನಲ್ಲಿ ಆಗುತ್ತದೆ. ಕೋಥರೂಡ್, ಬಾಣೇರ್, ಖರಾಡಿಗಳಂತೆ ಪುಣೆ ಪಾಲಿಕೆಯೊಳಗಿನ ಮನೆಯಾದರೆ ಇನ್ನೊಂದು ಖರ್ಚನ್ನು ದರ ಕಟ್ಟುವಾಗಲೇ ಎಣಿಸಬೇಕಿತ್ತು: ಸ್ವಂತ ವಾಸದ ಮನೆಗೆ ಆಸ್ತಿ ತೆರಿಗೆಯಲ್ಲಿ ಸಿಗುವ ಶೇ 40ರ ರಿಯಾಯಿತಿ. 1970ರಿಂದ ಇದ್ದದ್ದು, ನಡುವೆ ನಿಂತು 2023ರಲ್ಲಿ ಮರಳಿ ಬಂತು. ಬಾಡಿಗೆಗೆ ಕೊಟ್ಟ ಮನೆಗೆ ಅದಿಲ್ಲ. ವಾಕಡ್ ಪಿಂಪ್ರಿ–ಚಿಂಚವಡ ಪಾಲಿಕೆಗೆ ಸೇರಿದ್ದು, ಅಲ್ಲಿನ ಲೆಕ್ಕವೇ ಬೇರೆ. ವಿದೇಶದಲ್ಲಿರುವ ಮಾಲೀಕರಾದರೆ ಬಾಡಿಗೆ ಎಷ್ಟೇ ಇದ್ದರೂ ತೆರಿಗೆ ಮುರಿದುಕೊಂಡು ಕೊಡುವುದು ಬಾಡಿಗೆದಾರರ ಹೊಣೆ. ಇದನ್ನು ಮೊದಲೇ ಹೇಳದೆ ಎರಡನೇ ತಿಂಗಳು ಜಗಳ ಮಾಡಿಕೊಳ್ಳುವ ಮನೆಗಳು ಬೇಕಾದಷ್ಟಿವೆ.

ಇನ್ನು ಪ್ಯಾನ್. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರು ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿ ಕೇಳಬೇಕಾದರೆ ಮಾಲೀಕರ ಪ್ಯಾನ್ ನಂಬರು ಕೊಡಲೇಬೇಕು. 28,000ದ ಮನೆ ನಾಲ್ಕನೇ ತಿಂಗಳಲ್ಲೇ ಆ ಗೆರೆ ದಾಟುತ್ತದೆ. ‘ಪ್ಯಾನ್ ಕೊಡೋದಿಲ್ಲ, ಬೇಕಿದ್ದರೆ ಐನೂರು ಕಮ್ಮಿ ಕೊಡಿ’ ಎನ್ನುವ ಮಾಲೀಕರು ಇನ್ನೂ ಇದ್ದಾರೆ. ತಮ್ಮ ಕರಾರು ಆಗಲೇ ಸರ್ಕಾರದ ನೋಂದಣಿಯಲ್ಲಿ ಕೂತಿರುವುದನ್ನು ಮರೆತವರು. ಬಾಡಿಗೆ ಆದಾಯದಲ್ಲಿ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30ನ್ನು ರಿಪೇರಿ ಲೆಕ್ಕಕ್ಕೆಂದು ಯಾವ ಬಿಲ್ಲೂ ಕೇಳದೆ ಬಿಡಲಾಗುತ್ತದೆ. ಮೇಲಿನ ಜಾಹೀರಾತಿಗೆ ‘ಬಾಡಿಗೆ ರಸೀದಿ, ಪ್ಯಾನ್ ಕೊಡಲಾಗುವುದು’ ಎಂದು ಇನ್ನೊಂದು ಸಾಲು ಸೇರಿಸಿ ನೋಡಿ. 30,000ದೊಳಗೆ ಮನೆ ಹುಡುಕುವ ಸಂಬಳದ ಕುಟುಂಬಗಳಿಗೆ ಐನೂರು ರೂಪಾಯಿ ಇಳಿಸಿದ ಪಕ್ಕದ ಮನೆಗಿಂತ ಆ ಸಾಲೇ ಅಗ್ಗವಾಗಿ ಕಾಣುತ್ತದೆ.